ಟ್ಯಾಗಿನ ಮೇಲಿನ ಎಲೆ, ಒಳಗಿನ ನೂಲು: ಯುವಜನರ ಉಡುಪಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ಯುವಜನರ ಸ್ಟ್ರೀಟ್‌ವೇರ್, ಅಂದರೆ ಸಡಿಲ ಟೀ ಶರ್ಟು, ಜಾಕೆಟು, ಸ್ನೀಕರ್ಸ್‌ನಂಥ ದಿನಬಳಕೆಯ ಉಡುಪುಗಳನ್ನು ಕುರಿತವು. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಇನ್‌ಸ್ಟಾಗ್ರಾಮಿನಲ್ಲಿ ಕಾಣುವ ಓವರ್‌ಸೈಜ್ಡ್ ಟೀ ಶರ್ಟುಗಳ ಮೇಲೆ ‘240 ಜಿಎಸ್‌ಎಂ’, ‘ಬಿದಿರಿನ ಬಟ್ಟೆ’, ‘ಬೆವರಿನ ವಾಸನೆ ತಡೆಯುವ ತಂತ್ರಜ್ಞಾನ’ ಎಂದೆಲ್ಲ ಬರೆದಿರುತ್ತಾರೆ. ಬೆಲೆ ಸಾವಿರ ರೂಪಾಯಿ ದಾಟುತ್ತದೆ. ಇವನ್ನು ಎಷ್ಟು ನಂಬಬಹುದು?
– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಸಾಮಾನ್ಯ ಟೀ ಶರ್ಟಿನ ಬಟ್ಟೆ 160ರಿಂದ 180ರ ಆಸುಪಾಸಿನಲ್ಲಿರುತ್ತದೆ. ಭುಜ ಇಳಿಬಿದ್ದು, ಮೈಗೆ ಅಂಟದೆ ನಿಲ್ಲಬೇಕಾದ ಓವರ್‌ಸೈಜ್ಡ್ ಶರ್ಟಿಗೆ 220ರಿಂದ 240ರ ದಪ್ಪ ಬಟ್ಟೆಯನ್ನು ಬಳಸುತ್ತಾರೆ, ಏಕೆಂದರೆ ತೆಳು ಬಟ್ಟೆಯಲ್ಲಿ ಆ ಆಕಾರ ನಿಲ್ಲದೆ ಜೋತುಬೀಳುತ್ತದೆ. ಆದ್ದರಿಂದ ಈ ಸಂಖ್ಯೆ ದಪ್ಪವನ್ನು ಹೇಳುತ್ತದೆಯೇ ಹೊರತು ಗುಣಮಟ್ಟವನ್ನಲ್ಲ. ನಿಮ್ಮೂರಿನ ಏಪ್ರಿಲ್ ಬಿಸಿಲಿಗೆ 180ರ ಸಡಿಲವಾದ ಹತ್ತಿ ಶರ್ಟೇ ಹೆಚ್ಚು ಹಿತ.

ಬಿದಿರಿನ ವಿಷಯದಲ್ಲಿ ಎಚ್ಚರ ಬೇಕು. ಆ ಹೆಸರಿನಲ್ಲಿ ಮಾರಾಟವಾಗುವ ನುಣುಪಾದ ಬಟ್ಟೆಯಲ್ಲಿ ಹೆಚ್ಚಿನದು ವಿಸ್ಕೋಸ್, ಅಂದರೆ ರಾಸಾಯನಿಕಗಳಿಂದ ತಯಾರಿಸಿದ ರೇಯಾನ್. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್ ಬಳಸಿ ಕರಗಿಸಿ, ಸೂಕ್ಷ್ಮ ರಂಧ್ರಗಳ ಮೂಲಕ ಆಮ್ಲದ ತೊಟ್ಟಿಗೆ ಹಾಯಿಸಿ ಎಳೆ ತೆಗೆಯುತ್ತಾರೆ. ಕಾರ್ಬನ್ ಡೈಸಲ್ಫೈಡ್ ಕಾರ್ಮಿಕರ ನರಮಂಡಲಕ್ಕೆ ಹಾನಿ ಮಾಡುವ ರಾಸಾಯನಿಕ. ವಿಸ್ಕೋಸ್ ಬಟ್ಟೆಯನ್ನು ಬಿದಿರಿನದೆಂದು ಮಾರಿದ್ದಕ್ಕಾಗಿ 2022ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಾಗ ವಾಲ್‌ಮಾರ್ಟ್ ಮತ್ತು ಕೋಲ್ಸ್ ಎಂಬ ಮಾರಾಟ ಮಳಿಗೆಗಳ ಕಂಪನಿಗಳು ಒಟ್ಟು 55 ಲಕ್ಷ ಡಾಲರ್ ತೆರಬೇಕಾಯಿತು. ಮರದ ತಿರುಳಿನ ನುಣುಪೇ ನಿಮಗೆ ಇಷ್ಟವಾದರೆ ಲಯೋಸೆಲ್ ಎಂದು ಬರೆದಿರುವುದನ್ನು ಆರಿಸಿಕೊಳ್ಳಿ. ಅದರ ತಯಾರಿಕೆಯಲ್ಲಿ ತಿರುಳನ್ನು ಕರಗಿಸುವ ದ್ರಾವಕದ ಬಹುತೇಕ ಎಲ್ಲ ಭಾಗವನ್ನೂ ಹಿಂಪಡೆದು ಮತ್ತೆ ಬಳಸುತ್ತಾರೆ.

ವಾಸನೆ ತಡೆಯುವ ಲೇಪದಲ್ಲಿ ಸಾಮಾನ್ಯವಾಗಿ ಬೆಳ್ಳಿಯ ಲವಣಗಳಿರುತ್ತವೆ. ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಅವು ತಡೆಯುವುದು ನಿಜವಾದರೂ ಒಗೆದಂತೆಲ್ಲ ಲೇಪ ಸವೆದು ಚರಂಡಿ ಸೇರುತ್ತದೆ. ಇದಕ್ಕಿಂತ ಎಳೆಯ ಸ್ವಭಾವವನ್ನು ನೋಡುವುದು ಮೇಲು. ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ತೇವವನ್ನು ಗಾಳಿಯಿಂದ ಹೀರಿಟ್ಟುಕೊಂಡರೆ ಪಾಲಿಯೆಸ್ಟರ್ ಹೀರುವುದು ಶೇ 0.4ರಷ್ಟು ಮಾತ್ರ, ಮೇಲಾಗಿ ಬೆವರಿನ ಜಿಡ್ಡು ಪಾಲಿಯೆಸ್ಟರಿಗೆ ಹತ್ತಿಕೊಂಡು ಉಳಿಯುತ್ತದೆ, ವಾಸನೆಯೂ ಅದರೊಂದಿಗೆ ಉಳಿಯುತ್ತದೆ. ಓಟಕ್ಕೆ, ಆಟಕ್ಕೆ ಬೇಗ ಒಣಗುವ ಪಾಲಿಯೆಸ್ಟರ್ ಉಪಯುಕ್ತವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ತರಗತಿಯಲ್ಲಿ ಕೂರುವವರಿಗೆ ಹತ್ತಿಯೇ ಸರಿ.

ಒಂದು ಪರೀಕ್ಷೆಯನ್ನು ನೀವೇ ಮಾಡಬಹುದು. ಶರ್ಟಿನ ಬೆನ್ನಿನ ಮೇಲೆ ದೊಡ್ಡ ಚಿತ್ರವಿದ್ದರೆ ಅದನ್ನು ಒಳಮಗ್ಗುಲಿನಿಂದ ತುಟಿಯ ಹತ್ತಿರ ಹಿಡಿದು ಊದಿರಿ. ನೀರು ಆಧಾರಿತ ಶಾಯಿಯಲ್ಲಿ ಅಚ್ಚು ಹಾಕಿದ್ದರೆ ಉಸಿರು ಆಚೆ ಇಟ್ಟ ಅಂಗೈಗೆ ತಾಗುತ್ತದೆ. ಡಿಟಿಎಫ್ ಎಂದು ಕರೆಯುವ, ಫಿಲ್ಮಿನಿಂದ ಬಿಸಿ ಒತ್ತಿ ಅಂಟಿಸುವ ಮುದ್ರಣವಾಗಿದ್ದರೆ ಗಾಳಿ ಹಾಯುವುದಿಲ್ಲ. ಬೆನ್ನು ತುಂಬ ಇಂಥ ಚಿತ್ರವಿರುವ ಶರ್ಟು ಶುದ್ಧ ಹತ್ತಿಯದಾದರೂ ಆ ಜಾಗದಲ್ಲಿ ಪ್ಲಾಸ್ಟಿಕ್ ಹೊದ್ದಂತೆಯೇ ಸರಿ.

ನನ್ನ ದೃಷ್ಟಿಯಲ್ಲಿ ಈ ಉಡುಪಿನ ಹಿಂದಿರುವ ಮುಖ್ಯ ತಂತ್ರಜ್ಞಾನ ಶರ್ಟಿನ ಮೇಲೆ ಕಾಣುವುದೇ ಇಲ್ಲ. ನಮ್ಮ ಯುವಜನರು ತೊಡುವ ಹೊಸೈರಿ (ಟೀ ಶರ್ಟಿನಂಥ ಹೆಣೆದ) ಬಟ್ಟೆಯ ದೊಡ್ಡ ಪಾಲು ತಮಿಳುನಾಡಿನ ತಿರುಪ್ಪೂರಿನಿಂದ ಬರುತ್ತದೆ. ಅಲ್ಲಿನ ಬಣ್ಣ ಹಾಕುವ ಘಟಕಗಳ ನೀರು ನೊಯ್ಯಲ್ ನದಿಯನ್ನು ಕೆಡಿಸಿ, ಕೆಳಗಿನ ರೈತರ ಹೊಲಗಳಿಗೆ ಉಪ್ಪು ತುಂಬಿದಾಗ, ಒಂದು ಹನಿ ತ್ಯಾಜ್ಯವನ್ನೂ ಹೊರಬಿಡಬಾರದೆಂಬ ಆದೇಶವನ್ನು ಪಾಲಿಸದ ಘಟಕಗಳನ್ನು ಮುಚ್ಚುವಂತೆ ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಹೇಳಿತು. ಬಣ್ಣದ ನೀರನ್ನು ಪೊರೆಗಳ ಮೂಲಕ ಸೋಸಿ, ಉಳಿದದ್ದನ್ನು ಆವಿಯಾಗಿಸಿ, ನೀರು ಮತ್ತು ಉಪ್ಪು ಎರಡನ್ನೂ ಮತ್ತೆ ಬಳಸುವ ದುಬಾರಿ ಸ್ಥಾವರಗಳು ಅಲ್ಲಿ ವ್ಯಾಪಕವಾಗಿ ನೆಲೆಯೂರಿದ್ದು ಆ ಒತ್ತಡದಿಂದ. ನೀವು ಕೊಡುವ ಸಾವಿರ ರೂಪಾಯಿಯಲ್ಲಿ ಒಂದಿಷ್ಟು ಆ ಸೋಸುವಿಕೆಗೆ ಹೋಗುತ್ತಿದ್ದರೆ ಅದು ಸಾರ್ಥಕ ಖರ್ಚು. ಬಟ್ಟೆಗೆ ಬಣ್ಣ ಹಾಕಿಸಿದ್ದು ಎಲ್ಲಿ ಎಂದು ಮಾರುವವರನ್ನು ಕೇಳಿರಿ, ಪ್ರಾಮಾಣಿಕರು ಹೇಳುತ್ತಾರೆ. ‘ಸಾವಯವ’ ಎಂದಿದ್ದರೆ ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣಪತ್ರವಾದ ಗಾಟ್ಸ್ (GOTS) ಮುದ್ರೆ ಇದೆಯೇ ನೋಡಿ. ಅದರಲ್ಲಿ ಎರಡು ದರ್ಜೆಗಳಿದ್ದು, ಕೆಳಗಿನದಕ್ಕೆ ಕನಿಷ್ಠ ಶೇ 70, ಮೇಲಿನದಕ್ಕೆ ಶೇ 95ರಷ್ಟು ಸಾವಯವ ಎಳೆ ಇರಲೇಬೇಕು.

ಪ್ರಶ್ನೆ: ನನ್ನ ಮಗ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಜಾಕೆಟ್ ಕೊಂಡಿದ್ದಾನೆ. ಇದು ಪರಿಸರಕ್ಕೆ ಒಳ್ಳೆಯದೆಂದು ವಾದಿಸುತ್ತಾನೆ. ನಿಜವೇ?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಜಾಕೆಟಿನ ಮಟ್ಟಿಗೆ ನಿಮ್ಮ ಮಗನ ಮಾತನ್ನು ನಾನು ಒಪ್ಪುತ್ತೇನೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಪ್ರಧಾನಿ ನರೇಂದ್ರ ಮೋದಿಯವರಿಗೆ ಬಾಟಲಿಗಳಿಂದ ತಯಾರಿಸಿದ ಜಾಕೆಟ್ ಕೊಟ್ಟಿತು. ಅದೇ ವಾರ ಅವರು ಅದನ್ನು ತೊಟ್ಟು ಸಂಸತ್ತಿಗೆ ಬಂದ ಮೇಲೆ ಈ ಬಟ್ಟೆಯ ಹೆಸರು ಮನೆಮನೆಗೆ ತಲುಪಿತು. ಬಾಟಲಿಗಳನ್ನು ತೊಳೆದು, ಚೂರು ಮಾಡಿ, ಕರಗಿಸಿ ಎಳೆ ತೆಗೆಯುವುದಕ್ಕೆ ಹೊಸ ಪಾಲಿಯೆಸ್ಟರ್ ತಯಾರಿಸುವುದಕ್ಕಿಂತ ಕಡಿಮೆ ಇಂಧನ ಸಾಕು. ಆಶಯ್ ಭಾವೆ ಎಂಬ ಯುವಕ 2021ರಲ್ಲಿ ಆರಂಭಿಸಿದ ‘ಥೈಲಿ’ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಜೊತೆ ಸ್ನೀಕರ್ಸ್‌ಗೆ 10 ಪ್ಲಾಸ್ಟಿಕ್ ಚೀಲ ಮತ್ತು 12 ಬಾಟಲಿಗಳನ್ನು ಬಳಸುತ್ತದೆ. ಬಾಟಲಿಗಾದರೂ ಗುಜರಿಯಲ್ಲಿ ಬೆಲೆ ಸಿಗುತ್ತದೆ, ತೆಳುವಾದ ಚೀಲವನ್ನು ಆಯುವವರೇ ಕಡಿಮೆ; ಆ ಕಾರಣಕ್ಕೆ ಈ ಪ್ರಯತ್ನದ ಮೇಲೆ ನನಗೆ ವಿಶೇಷ ಗೌರವವಿದೆ.

ಆದರೆ ಪಾಲಿಯೆಸ್ಟರ್ ಹೊಸದಾಗಿರಲಿ, ಮರುಬಳಕೆಯದಾಗಿರಲಿ, ಪ್ರತಿ ಒಗೆತದಲ್ಲೂ ಕಣ್ಣಿಗೆ ಕಾಣದ ಎಳೆಚೂರುಗಳನ್ನು ನೀರಿಗೆ ಬಿಡುತ್ತದೆ. ಅಪರೂಪಕ್ಕೆ ಒಗೆಯುವ ಜಾಕೆಟ್, ಬ್ಯಾಗು, ಶೂಗಳಿಗೆ ಇದು ತಕ್ಕ ವಸ್ತು. ದಿನವೂ ಒಗೆಯುವ ಟೀ ಶರ್ಟಿಗೆ ಅಲ್ಲ. ಮಗನಿಗೆ ಚರ್ಮದ ತುರಿಕೆಯ ತೊಂದರೆ ಇದ್ದರೆ ಜಾಕೆಟಿನೊಳಗೆ ಹತ್ತಿ ಶರ್ಟು ತೊಡಲಿ.

ಪ್ರಶ್ನೆ: ನಮ್ಮದು ಖಣ ನೇಯುವ ಮನೆತನ. ನಾನು ಫ್ಯಾಷನ್ ಡಿಸೈನ್ ಓದುತ್ತಿದ್ದೇನೆ. ಖಣ ಈಗಿನ ಹುಡುಗರ ಉಡುಪಾಗಬಹುದೇ? ಅಪ್ಪ ಇದು ಕುಪ್ಪಸದ ಬಟ್ಟೆ ಎನ್ನುತ್ತಾರೆ.
– ವಿದ್ಯಾರ್ಥಿನಿ, ಗುಳೇದಗುಡ್ಡ

ಉತ್ತರ: ಖಂಡಿತವಾಗಿ ಆಗಬಹುದು, ಆಗಬೇಕು ಎಂಬುದು ನನ್ನ ಆಸೆ. ದಿಲ್ಲಿಯ ನಾರ್‌ಬ್ಲ್ಯಾಕ್ ನಾರ್‌ವೈಟ್ ಸಂಸ್ಥೆ ಬಟ್ಟೆಯನ್ನು ಗಂಟು ಕಟ್ಟಿ ಬಣ್ಣ ಹಾಕುವ ಬಾಂಧನಿಯ ಚುಕ್ಕೆಗಳನ್ನು ಫಿಲಾ ಕಂಪನಿಯ ಕ್ರೀಡಾ ಉಡುಪಿನ ಮೇಲೆ ತಂದಿತು. ಗುಜರಾತಿನ ಕಛ್‌ನಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಕಾಲಾ ಹತ್ತಿಗೆ ಖಮೀರ್ ಸಂಸ್ಥೆ ಮತ್ತೆ ಮಗ್ಗವನ್ನು ಜೋಡಿಸಿತು. ಇಂದು ಆ ಒರಟು ಬಟ್ಟೆಯ ಸಡಿಲ ಶರ್ಟುಗಳನ್ನು ನಗರದ ಯುವಜನರು ಇಷ್ಟಪಟ್ಟು ತೊಡುತ್ತಾರೆ. ಸೂಜಿಮಲ್ಲಿಗೆ, ತೇರಿನಂಥ ಬುಟ್ಟಾಗಳಿರುವ ಖಣಕ್ಕೆ ಆ ಶಕ್ತಿ ಕಡಿಮೆಯೇನಿಲ್ಲ.

ತಂದೆಯವರ ಮಾತಿನಲ್ಲಿಯೂ ನೇಕಾರರ ವಿವೇಕವಿದೆ. ಖಣದ ಪನ್ನ (ಅಗಲ) ಕುಪ್ಪಸಕ್ಕೆಂದು ಇಟ್ಟ ಅಳತೆ. ಇಡೀ ಓವರ್‌ಸೈಜ್ಡ್ ಶರ್ಟನ್ನು ಅದರಲ್ಲಿ ಕತ್ತರಿಸಹೊರಟರೆ ಬಟ್ಟೆ ಸಾಲದು, ಜೋಡುಗಳೂ ಹೆಚ್ಚುತ್ತವೆ. ಆದ್ದರಿಂದ ಸೊಂಟದವರೆಗಿನ ಜಿಪ್ಪಿನ ಬಾಂಬರ್ ಜಾಕೆಟಿನ ಬೆನ್ನಿಗೆ ಖಣ, ತೋಳುಗಳಿಗೆ ದಪ್ಪ ಹತ್ತಿ, ಕತ್ತು ಮತ್ತು ಮುಂಗೈಗೆ ಹಿಗ್ಗುವ ಪಟ್ಟಿ ಎಂದು ಹಂಚಿಕೊಂಡು ಯೋಚಿಸಿ. ಖಣದ ದಡಿಯನ್ನು ಮಡಿಸಿ ಮುಚ್ಚದೆ ಜಿಪ್ಪಿನ ಎರಡೂ ಬದಿಗೆ ನೇರವಾಗಿ ಇಳಿಯುವಂತೆ ಕೂರಿಸಿದರೆ ಅದೇ ಜಾಕೆಟಿನ ಗುರುತಾಗುತ್ತದೆ. ರೇಷ್ಮೆ ಅಥವಾ ರೇಯಾನ್ ಎಳೆಗಳು ನುಣುಪಾಗಿರುವುದರಿಂದ ಭುಜ ಮತ್ತು ಕಂಕುಳಿನ ಹೊಲಿಗೆಯ ಬಳಿ ಎಳೆಗಳು ಜಾರಿ ಬಾಯಿಬಿಡುತ್ತವೆ. ಒಳಗೆ ತೆಳುವಾದ ಹತ್ತಿ ಅಸ್ತರು ಕೊಟ್ಟು, ಹೊಲಿಗೆಗೆ ಅಂಚನ್ನು ಅಗಲವಾಗಿ ಬಿಡುವುದು ಅವಶ್ಯ. ಕತ್ತರಿಸುವ ಮುನ್ನ ಒಂದು ತುಂಡನ್ನು ನೀರಿನಲ್ಲಿ ನೆನೆಸಿ, ಅದು ಎಷ್ಟು ಕುಗ್ಗುತ್ತದೆ, ಬಣ್ಣ ಬಿಡುತ್ತದೆಯೇ ಎಂಬುದನ್ನು ನೋಡಿಕೊಳ್ಳಿ.

ಇಲ್ಲಿ ತಂತ್ರಜ್ಞಾನವೂ ನಿಮ್ಮ ನೆರವಿಗೆ ಬರುತ್ತದೆ. ಬಟ್ಟೆ ಕತ್ತರಿಸದೆ ಕಂಪ್ಯೂಟರಿನಲ್ಲೇ ಮೂರು ಆಯಾಮದ ಮಾದರಿ ಮಾಡಿ ನೋಡುವ ತಂತ್ರಾಂಶಗಳನ್ನು ನಿಮ್ಮ ಕಾಲೇಜಿನಲ್ಲಿ ಕಲಿಸುತ್ತಿರಬಹುದು. ಅಪ್ಪ ನೇಯ್ದ ದುಬಾರಿ ಬಟ್ಟೆ ಪ್ರಯೋಗದಲ್ಲಿ ವ್ಯರ್ಥವಾಗದಿರಲು ಇದು ಒಳ್ಳೆಯ ದಾರಿ. ಬಟ್ಟೆ ಕೈಮಗ್ಗದ್ದೇ ಎಂದು ಸಾರುವ, 2006ರಲ್ಲಿ ಜಾರಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕ್‌ಗೆ ನೋಂದಾಯಿಸಿಕೊಳ್ಳಿ. ಪವರ್‌ಲೂಮ್ ಖಣ ಮಾರುಕಟ್ಟೆಯನ್ನು ತುಂಬಿರುವಾಗ ಕೈಮಗ್ಗದ ಬೆಲೆಯನ್ನು ಸಮರ್ಥಿಸಲು ಆ ಗುರುತು ಬೇಕಾಗುತ್ತದೆ. ಯಾವುದೇ ಬ್ರ್ಯಾಂಡ್ ನಿಮ್ಮನ್ನು ಹುಡುಕಿಕೊಂಡು ಬಂದರೆ ಮೀಟರಿಗೆ ಇಷ್ಟು ಎಂಬ ಬೆಲೆಯ ಜೊತೆಗೆ ಜಾಕೆಟಿನ ಪಟ್ಟಿಯ ಮೇಲೆ ಊರಿನ ಮತ್ತು ನೇಕಾರರ ಹೆಸರು ಇರಬೇಕೆಂದು ಕರಾರಿನಲ್ಲೇ ಬರೆಸಿಕೊಳ್ಳಿ. ಈ ವಿಷಯದಲ್ಲಿ ಸಂಕೋಚ ಬೇಡ.

ಪ್ರಶ್ನೆ: ನೈಸರ್ಗಿಕ ಬಣ್ಣದ ಹಳದಿ ಟೀ ಶರ್ಟು ಕೆಲವೇ ವಾರಗಳಲ್ಲಿ ಮಾಸಿತು. ಮೋಸ ಹೋದೆನೇ?
– ಓದುಗರು, ಮೈಸೂರು

ಉತ್ತರ: ಬಣ್ಣ ಅರಿಸಿನದ್ದಾಗಿದ್ದರೆ ಮೋಸವೇನೂ ಆಗಿಲ್ಲ, ಅರಿಸಿನ ಬಿಸಿಲಿಗೆ ನಿಲ್ಲುವ ಬಣ್ಣವೇ ಅಲ್ಲ. ಬಟ್ಟೆಯನ್ನು ಅಳಲೆಕಾಯಿ ಮತ್ತು ಪಟಿಕದಲ್ಲಿ ಹದಗೊಳಿಸಿ ಹಾಕಿದ ದಾಳಿಂಬೆ ಸಿಪ್ಪೆಯ ಹಳದಿ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ, ನೀಲಿ ಗಿಡದ ಇಂಡಿಗೊ ಮತ್ತು ಮಂಜಿಷ್ಠದ ಬೇರಿನ ಕೆಂಪು ಇನ್ನೂ ಗಟ್ಟಿ. ಮುಂದಿನ ಸಲ ಬಣ್ಣದ ಮೂಲವನ್ನು ಕೇಳಿ ಕೊಳ್ಳಿ. ಇಂಥ ಬಟ್ಟೆಗಳನ್ನು ಅಂಟುವಾಳದ ನೀರಿನಲ್ಲಿ ಅಥವಾ ಸೌಮ್ಯ ದ್ರವಸೋಪಿನಲ್ಲಿ ಬೇರೆಯಾಗಿ ಒಗೆದು, ಒಳಮಗ್ಗುಲನ್ನು ಹೊರಕ್ಕೆ ತಿರುವಿ ನೆರಳಿನಲ್ಲಿ ಒಣಗಿಸಿ. ಕಲೆ ಬಿದ್ದ ಕಡೆ ನಿಂಬೆರಸ, ಸೋಡಾ ಎರಡನ್ನೂ ಹಾಕಬೇಡಿ. ಮಾಸಿದ ಶರ್ಟಿನ ಬಟ್ಟೆ ಗಟ್ಟಿಯಾಗಿದ್ದರೆ ಅದನ್ನು ಬಿಸಾಡದೆ ಇಂಡಿಗೊ ಬಣ್ಣದಲ್ಲಿ ಅದ್ದಿಸಿ. ಹಳದಿ ಉಳಿದ ಕಡೆ ಹಸಿರು, ಮಾಸಿದ ಕಡೆ ತಿಳಿನೀಲಿ ಬರುತ್ತದೆ.