ಮೂಟೆ ಹೊತ್ತವರ ಹೆಸರು

ಪತ್ರ: "ಕಳೆದ ಸಂಚಿಕೆಯಲ್ಲಿ ಆಫ್ರಿಕಾ ಸುತ್ತಿದ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್‌ನ ದಿನಚರಿ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಅದರಲ್ಲಿ ಅರ್ಧ ಅವನ ಆಳುಗಳದ್ದೇ ಕಥೆ. ದಾರಿ ಹುಡುಕಿದವನು ಅವನು, ಬರೆದವನೂ ಅವನೇ. ಮೂಟೆ ಹೊರುವವರು ಯಾವ ಕಾಲದಲ್ಲೂ ಸಿಗುತ್ತಾರೆ. ಈಗಿನ ಗಾಳಿಗೆ ಸಿಕ್ಕಿ ದೊಡ್ಡವರನ್ನು ಚಿಕ್ಕವರು ಮಾಡಬೇಡಿ." — ನಿವೃತ್ತ ಶಿಕ್ಷಕರು, ಶಿವಮೊಗ್ಗ

ಸಂಪಾದಕರ ಉತ್ತರ:

ಮೇಷ್ಟ್ರೇ, ಲಿವಿಂಗ್‌ಸ್ಟನ್ ದೊಡ್ಡವನೇ, ಒಪ್ಪಿದೆ. ಹತ್ತನೇ ವಯಸ್ಸಿಗೆ ಹತ್ತಿ ಗಿರಣಿಗೆ ಹೋದ ಹುಡುಗ ಓದಿ ಡಾಕ್ಟರಾದ. ಆಫ್ರಿಕಾದಲ್ಲಿ ಗುಲಾಮರ ವ್ಯಾಪಾರ ಹೇಗೆ ನಡೆಯುತ್ತಿದೆ ಅಂತ ಪಟ್ಟು ಬಿಡದೆ ಬರೆದ. ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ.

ಆದರೆ ನೀವು ಮೆಚ್ಚುವ ಆ ಕೊನೆಯ ದಿನಚರಿ ನಮ್ಮ ಕೈಗೆ ಬಂದಿದ್ದು ಹೇಗೆ? 1873ರ ಏಪ್ರಿಲ್ 27ಕ್ಕೆ ಅವನ ಬರವಣಿಗೆ ನಿಂತಿತು. ಕೆಲವೇ ದಿನಗಳಲ್ಲಿ, ಈಗಿನ ಜಾಂಬಿಯಾದಲ್ಲಿರುವ ಚಿತಾಂಬೋ ಎಂಬ ಮುಖಂಡನ ಹಳ್ಳಿಯಲ್ಲಿ, ಅವನು ತೀರಿಕೊಂಡ. ಜತೆಗಿದ್ದವರು ಅಲ್ಲೇ ಹೂಳಿ ಮನೆಗೆ ಹೋಗಬಹುದಿತ್ತು. ಕೇಳುವವರು ಯಾರಿದ್ದರು? ಅವನ ಆಫ್ರಿಕಾದ ಆಳುಗಳಾದ ಸೂಸಿ, ಚೂಮಾ ಮತ್ತು ಸಂಗಡಿಗರು ಹಾಗೆ ಮಾಡಲಿಲ್ಲ. ಹೃದಯವನ್ನು ಒಂದು ಮರದ ಕೆಳಗೆ ಹೂತರು. ದೇಹಕ್ಕೆ ಉಪ್ಪು ಹಾಕಿ ಎರಡು ವಾರ ಬಿಸಿಲಿನಲ್ಲಿ ಒಣಗಿಸಿದರು. ಬಟ್ಟೆ, ಮರದ ತೊಗಟೆ, ಹಾಯಿಬಟ್ಟೆ ಸುತ್ತಿದರು. ಸಮುದ್ರ ತೀರದ ಬಾಗಮೊಯೊವರೆಗೆ ಸಾವಿರ ಮೈಲಿಗೂ ಜಾಸ್ತಿ ದೂರ ಹೊತ್ತರು. ಅವನ ದಿನಚರಿ, ಉಪಕರಣಗಳನ್ನೂ ಜೋಪಾನ ಮಾಡಿ ತಂದರು.

ದಾರಿಯಲ್ಲಿ ಸಿಕ್ಕ ಇಂಗ್ಲಿಷ್ ಅಧಿಕಾರಿ ಕ್ಯಾಮರಾನ್, ಇಲ್ಲೇ ಮಣ್ಣು ಮಾಡಿ ಅಂದ. ಕೇಳಲಿಲ್ಲ. ಒಂದು ಕಡೆ ಜನ ಹೆಣ ಸಾಗಲು ಬಿಡುವುದಿಲ್ಲ ಎಂದಾಗ, ಒಂದು ಸುಳ್ಳು ಹೆಣ ಕಟ್ಟಿ ವಾಪಸ್ ಕಳಿಸಿದ ಹಾಗೆ ಮಾಡಿದರು. ನಿಜವಾದದ್ದನ್ನು ಬಟ್ಟೆ ಮೂಟೆಯಂತೆ ಕಟ್ಟಿಕೊಂಡು ಮುಂದೆ ನಡೆದರು. ಇಷ್ಟು ತಲೆ ಓಡಿಸಿದವರನ್ನು ಸುಮ್ನೆ ಮೂಟೆ ಹೊರುವವರು ಅಂದುಬಿಡೋದಾ?

ಇನ್ನು 'ಬರೆದವನೂ ಅವನೇ' ಅಂದಿರಿ. ಅದೇ ತಂಡದಲ್ಲಿದ್ದ ಜೇಕಬ್ ವೇನ್‌ರೈಟ್ ಹೆಸರು ಕೇಳಿದ್ದೀರಾ? ಗುಲಾಮಗಿರಿಯಿಂದ ಬಿಡಿಸಿ ತಂದ ಆಫ್ರಿಕಾದ ಮಕ್ಕಳಿಗೆ ನಮ್ಮ ನಾಸಿಕ್ ಬಳಿ ಮಿಷನರಿಗಳ ಶಾಲೆ ಇತ್ತು. ಆತ ಅಕ್ಷರ ಕಲಿತದ್ದು ಅಲ್ಲಿ. ಹೃದಯ ಹೂಳುವಾಗ ಪ್ರಾರ್ಥನೆ ಓದಿದವನು, ಆ ಮರದ ಮೇಲೆ ಲಿವಿಂಗ್‌ಸ್ಟನ್ ಹೆಸರು ಕೆತ್ತಿದವನು, ಆ ಪಯಣದ ಬಗ್ಗೆ ತನ್ನದೇ ದಿನಚರಿ ಬರೆದವನು ಅವನೇ. 1874ರ ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಶವಪೆಟ್ಟಿಗೆಯ ಪಕ್ಕ ನಡೆದವರಲ್ಲಿ ಅವನೂ ಒಬ್ಬ. ಚೂಮಾ ಮುಂಬಯಿಯ ಮಿಷನ್ ಶಾಲೆಯಲ್ಲಿ ಓದಿದ್ದ. ಸೂಸಿ ಅಲ್ಲಿನ ಹಡಗುಕಟ್ಟೆಯಲ್ಲಿ ದುಡಿದಿದ್ದ. ಆದರೆ ಅವರಿಬ್ಬರೂ ಇಂಗ್ಲೆಂಡ್ ತಲುಪಿದಾಗ ಅಂತ್ಯಕ್ರಿಯೆ ಮುಗಿದೇ ಹೋಗಿತ್ತು! ಲಿವಿಂಗ್‌ಸ್ಟನ್‌ನ ಗೆಳೆಯ ಹೊರೇಸ್ ವಾಲರ್ ಅವನ ಕೊನೆಯ ದಿನಚರಿಯನ್ನು ಅಚ್ಚಿಗೆ ಸಿದ್ಧ ಮಾಡುವಾಗ, ಬಿಟ್ಟುಹೋದ ವಿವರಗಳನ್ನು ಹೇಳಿದವರು ಈ ಇಬ್ಬರೇ.

ದಿನಚರಿಯನ್ನು ದೇವರ ವಾಕ್ಯದಂತೆ ಓದುವವರಿಗೆ ಇನ್ನೊಂದು ಮಾತು. 1871ರ ಜುಲೈ 15ರಂದು, ಈಗಿನ ಕಾಂಗೋದಲ್ಲಿರುವ ನ್ಯಾಂಗ್ವೆಯ ಸಂತೆಯಲ್ಲಿ, ಗುಲಾಮರ ವ್ಯಾಪಾರಿಗಳ ಕಡೆಯವರು ಜನರ ಮೇಲೆ ಗುಂಡು ಹಾರಿಸಿದರು. ಆಗ ಲಿವಿಂಗ್‌ಸ್ಟನ್ ಬಳಿ ಕಾಗದ, ಶಾಯಿ ಎರಡೂ ಮುಗಿದಿದ್ದವು. ಹಳೇ ಪತ್ರಿಕೆಯ ಮೇಲೆ ಗಿಡದ ರಸದಲ್ಲಿ ಅಡ್ಡಡ್ಡ ಬರೆದ. ಆಮೇಲೆ ತಾನೇ ತಿದ್ದಿ ಇನ್ನೊಂದು ಪುಸ್ತಕಕ್ಕೆ ಇಳಿಸಿಕೊಂಡ. ಆ ಮಾಸಿದ ಹಾಳೆಗಳನ್ನು ವಿದ್ವಾಂಸರು ಬೇರೆ ಬೇರೆ ಬೆಳಕಿನಲ್ಲಿ ಚಿತ್ರ ತೆಗೆದು, 2011ರಲ್ಲಿ ಓದುವಂತೆ ಮಾಡಿದರು. ಅವನ ತಂಡದ ಕೆಲವರೇ ಆ ಹಿಂಸೆಯಲ್ಲಿ ಕೈ ಹಾಕಿರಬಹುದು ಎಂಬ ಅನುಮಾನ ಅದರಿಂದ ಎದ್ದಿದೆ. ಆ ಅನುಮಾನಕ್ಕೆ ಸಿಕ್ಕ ಆಳುಗಳು ಯಾರು ಗೊತ್ತಾ? ಜಾಂಜಿಬಾರ್‌ನಲ್ಲಿದ್ದ ಭಾರತದ ವ್ಯಾಪಾರಿಗಳ ಗುಲಾಮರು. ಒಬ್ಬ ಮಹಾಪುರುಷನ ಕಥೆ ಅಂತ ಓದಿದರೆ ಇದೆಲ್ಲ ಕಣ್ಣಿಗೇ ಬೀಳುವುದಿಲ್ಲ.

ಹೊತ್ತವರ ಹೆಸರು ಬಿಟ್ಟುಬಿಡುವ ಈ ಚಾಳಿ ಬಿಳಿಯರದ್ದು ಮಾತ್ರ ಅಂದುಕೊಳ್ಳಬೇಡಿ. ನನ್ನ ಮೇಜಿಗೆ ಬರುವ ಪ್ರವಾಸ ಲೇಖನಗಳನ್ನು ನೋಡಬೇಕು ನೀವು. ಶೂ ಯಾವ ಕಂಪನಿಯದು, ಚಹಾ ಎಷ್ಟು ಬಿಸಿ ಇತ್ತು, ಎಲ್ಲ ಇರುತ್ತದೆ. ಕುದುರೆ ನಡೆಸಿದವನು ಮಾತ್ರ 'ಕುದುರೆಯವನು'. ಪಶ್ಚಿಮ ಘಟ್ಟದಲ್ಲಿ 'ಯಾರೂ ಕಾಣದ ಜಲಪಾತ ಪತ್ತೆ ಹಚ್ಚಿದೆವು' ಅಂತ ಬೆಂಗಳೂರಿನ ಗುಂಪು ಬರೆಯುತ್ತದೆ. ಫೋಟೋದ ಅಂಚಿನಲ್ಲಿ ನಿಂತ ಊರಿನವನು ಚಿಕ್ಕಂದಿನಿಂದ ಅಲ್ಲೇ ದನ ಕಾದವನು! ಆತನ ಹೆಸರು ಕೇಳಿ ನಾನು ಲೇಖನ ವಾಪಸ್ ಕಳಿಸಿದರೆ, ಲೇಖಕರು ಮುನಿಸಿಕೊಂಡು ಬೇರೆ ಪತ್ರಿಕೆಗೆ ಕೊಡುತ್ತಾರೆ. ಸೇತುವೆಯ ಶಿಲಾಫಲಕ ನೋಡಿ. ಮಂತ್ರಿ, ಶಾಸಕ, ಗುತ್ತಿಗೆದಾರ ಎಲ್ಲರ ಹೆಸರೂ ಇರುತ್ತದೆ. ಒಬ್ಬನಾದರೂ ಗಾರೆ ಕೆಲಸದವನು ಇದ್ದಾನಾ?

ಅಂದಹಾಗೆ, ಪತ್ರದ ಜತೆ ಕಳಿಸಿದ ನಿಮ್ಮ ಕೇದಾರ ಯಾತ್ರೆಯ ಲೇಖನ ಓದಿದೆ. ಚೆನ್ನಾಗಿ ಬರೆದಿದ್ದೀರಿ, ಮಳೆಯ ಭಾಗವಂತೂ ತುಂಬಾ ಇಷ್ಟವಾಯಿತು. ಖಂಡಿತ ಹಾಕುತ್ತೇವೆ. ಆದರೆ ನೀವು ಹತ್ತಿದ್ದು ಡೋಲಿಯಲ್ಲಿ. ಅದನ್ನು ಹೊತ್ತ ನಾಲ್ವರು ಯಾರು, ಯಾವ ಊರಿನವರು ಅಂತ ಬರೆದು ಕಳಿಸಿ. ಕೇಳಿಕೊಂಡಿರದಿದ್ದರೆ ಅದನ್ನಾದರೂ ಒಂದು ಸಾಲು ಬರೆಯಿರಿ.