ತೈಲದ ಹಂಗು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಚ್ಚಾ ತೈಲ ಮಾರುವ ದೇಶಗಳು ಹತ್ತಾರಿವೆ. ಒಬ್ಬರು ಕೊಡದಿದ್ದರೆ ಇನ್ನೊಬ್ಬರ ಹತ್ತಿರ ಕೊಂಡರಾಯಿತು. ಇದರಲ್ಲಿ ಹಂಗಿನ ಮಾತೇಕೆ? (ಸಿಂಧನೂರು)

ಉತ್ತರ: ಸಂತೆಯಲ್ಲಿ ಅಂಗಡಿ ಬದಲಿಸಿದಷ್ಟು ಸಲೀಸಲ್ಲ ಅದು. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನದು. ಮಾರುವವರು ಒಪ್ಪಿದರೆ ಸಾಲದು. ಹಡಗು ಸಿಗಬೇಕು, ಹಡಗಿಗೆ ವಿಮೆ ಸಿಗಬೇಕು, ಹಣ ದಾಟಿಸುವ ಬ್ಯಾಂಕ್ ಸಿಗಬೇಕು. ಹಂಗು ಹುಟ್ಟುವುದು ಇಲ್ಲಿ. ಇರಾನ್ ಕೊಡಲು ತಯಾರಿತ್ತು, ದಾರಿಯೂ ಹತ್ತಿರ. ಆದರೂ ಇರಾನ್ ತೈಲ ಕೊಳ್ಳುವವರ ಮೇಲೆ ತಾನು ಹೇರಿದ್ದ ನಿರ್ಬಂಧದಿಂದ ನಮಗೆ ಕೊಟ್ಟಿದ್ದ ವಿನಾಯಿತಿಯನ್ನು ಅಮೆರಿಕ ಮೇ 2019ರಲ್ಲಿ ಹಿಂದಕ್ಕೆ ಪಡೆದಾಗ ನಾವು ಖರೀದಿ ನಿಲ್ಲಿಸಿದೆವು. 2022ರ ಉಕ್ರೇನ್ ಯುದ್ಧಕ್ಕೆ ಮುಂಚೆ ನಮ್ಮ ಆಮದಿನಲ್ಲಿ ಶೇ 2ರ ಆಸುಪಾಸಿನಲ್ಲಿದ್ದ ರಷ್ಯಾದ ಪಾಲು, ರಿಯಾಯಿತಿ ದರದಿಂದಾಗಿ 2023–24ರ ಹೊತ್ತಿಗೆ ಮೂರನೇ ಒಂದನ್ನು ದಾಟಿತು. ಆಗಸ್ಟ್ 2025ರಲ್ಲಿ ಅದೇ ಖರೀದಿಯ ನೆಪದಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 25ರ ಹೆಚ್ಚುವರಿ ಸುಂಕ ಹೇರಿತು. ಅಗ್ಗದ ತೈಲದ ದಂಡವನ್ನು ತೆತ್ತವರು ಬಟ್ಟೆ, ಸೀಗಡಿ ರಫ್ತು ಮಾಡುವವರು.

ತೈಲವೂ ಎಲ್ಲ ಕಡೆ ಒಂದೇ ಅಲ್ಲ. ಗಂಧಕ ಹೆಚ್ಚಿರುವ ಭಾರದ ತೈಲಕ್ಕೆಂದು ಕಟ್ಟಿದ ಸಂಸ್ಕರಣಾಗಾರಕ್ಕೆ ಹಗುರ ತೈಲ ಹಾಕಿದರೆ ಡೀಸೆಲ್, ಪೆಟ್ರೋಲ್ ಹೊರಬೀಳುವ ಪ್ರಮಾಣವೇ ಬದಲಾಗುತ್ತದೆ, ಕೆಲವು ಘಟಕಗಳು ಅರೆಹೊಟ್ಟೆಯಲ್ಲಿ ಓಡುತ್ತವೆ. ಹಾಗಾಗಿ ಮಾರುವವರನ್ನು ಬದಲಿಸಲು ವಾರಗಳೇ ಹಿಡಿಯುತ್ತವೆ. ಆ ವಾರಗಳನ್ನು ದಾಟಲು ಕೈಯಲ್ಲಿ ದಾಸ್ತಾನು ಬೇಕು.

ಪ್ರಶ್ನೆ: ಮಂಗಳೂರು, ಪಾದೂರಿನಲ್ಲಿ ಬಂಡೆ ಕೊರೆದು ತೈಲ ತುಂಬಿಡುತ್ತಾರಂತೆ. ನಮ್ಮ ಆನೆಗೊಂದಿ ಸುತ್ತ ಬಂಡೆಗೇನು ಬರ? ಇಲ್ಲೇಕೆ ಮಾಡಬಾರದು? (ಗಂಗಾವತಿ)

ಉತ್ತರ: ಬಂಡೆಯಷ್ಟೇ ಇದ್ದರಾಗದು, ಕಡಲೂ ಸಂಸ್ಕರಣಾಗಾರವೂ ಹತ್ತಿರವಿರಬೇಕು. ಒಂದು ಭಾರಿ ತೈಲ ಹಡಗು ಸುಮಾರು 20 ಲಕ್ಷ ಬ್ಯಾರೆಲ್ ಹೊರುತ್ತದೆ. ಅದು ದಡದಿಂದ ದೂರದಲ್ಲೇ ತೇಲುಬೋಯಿಗೆ, ಅಂದರೆ ಲಂಗರು ಹಾಕಿ ತೇಲಿಬಿಟ್ಟ ದೊಡ್ಡ ಬುರುಡೆಗೆ, ಕಟ್ಟಿಕೊಂಡು, ಕಡಲಡಿಯ ಕೊಳವೆಯಲ್ಲಿ ತೈಲ ಇಳಿಸುತ್ತದೆ. ಅದನ್ನು ಘಟ್ಟ ಹತ್ತಿಸಿ ಕೊಪ್ಪಳಕ್ಕೆ ತಂದರೆ, ಸಂಸ್ಕರಿಸಲು ಮತ್ತೆ ಕೆಳಗಿಳಿಸಬೇಕು.

ಇನ್ನೊಂದು ತೊಡಕು ನೀರಿನದು. ಆ ಗುಹೆಗಳೊಳಗೆ ಉಕ್ಕಿನ ತೊಟ್ಟಿ ಇಲ್ಲ, ಬರೀ ಬಂಡೆಗೇ ತೈಲ. ಸೋರದಂತೆ ತಡೆಯುವುದು ಅಂತರ್ಜಲ. ಗುಹೆಯನ್ನು ಜಲಮಟ್ಟಕ್ಕಿಂತ ಕೆಳಗೆ ಕೊರೆದು, ಅದರ ಮೇಲ್ಗಡೆ ಸಾಲು ರಂಧ್ರ ಹಾಕಿ, ಅವುಗಳಲ್ಲಿ ಸದಾ ನೀರು ನಿಲ್ಲಿಸುತ್ತಾರೆ. ಬಿರುಕುಗಳಲ್ಲಿನ ನೀರಿನ ಒತ್ತಡ ತೈಲದ ಒತ್ತಡಕ್ಕಿಂತ ಹೆಚ್ಚಿರುವ ತನಕ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ತೈಲ ಹೊರಕ್ಕೆ ಹೋಗದು. ಹಾಗೆ ಜಿನುಗಿ ತೈಲದಡಿ ನಿಂತ ನೀರನ್ನು ಪಂಪ್ ಹಾಕಿ ಎತ್ತುತ್ತಾರೆ. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತುವ ನಮ್ಮ ಸೀಮೆಯಲ್ಲಿ ಆ ಮಟ್ಟ ಕಾಯುವುದು ಸುಲಭವಲ್ಲ.

ಸರ್ಕಾರದ ತುರ್ತು ದಾಸ್ತಾನಿನ ಗುಹೆಗಳು ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುತ್ತವೆ. ಅಂದರೆ ಮುಕ್ಕಾಲು ಪಾಲು ಕರ್ನಾಟಕದ ಕರಾವಳಿಯಲ್ಲೇ ಇದೆ. ಪೂರ್ತಿ ತುಂಬಿದರೂ 2019–20ರ ಬಳಕೆಯಂತೆ ದೇಶಕ್ಕೆ ಒಂಬತ್ತೂವರೆ ದಿನ. ಕಂಪನಿಗಳ ತೊಟ್ಟಿಗಳಲ್ಲಿರುವುದು ಬೇರೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪೂರ್ಣ ಸದಸ್ಯ ದೇಶಗಳು ತಮ್ಮ ಆಮದಿನ 90 ದಿನಗಳಷ್ಟನ್ನು ಇಟ್ಟಿರಬೇಕು. ಏಪ್ರಿಲ್–ಮೇ 2020ರಲ್ಲಿ ಬೆಲೆ ಕುಸಿದಾಗ ಸರ್ಕಾರ ಈ ಗುಹೆಗಳನ್ನು ಬ್ಯಾರೆಲ್‌ಗೆ ಸರಾಸರಿ 19 ಡಾಲರ್‌ನಂತೆ ತುಂಬಿಸಿತು. ಬಹಳ ಒಳ್ಳೆಯ ಕೆಲಸ. ಆದರೆ ಇನ್ನಷ್ಟು ಗುಹೆಗಳಿದ್ದಿದ್ದರೆ ಇನ್ನಷ್ಟು ತುಂಬಬಹುದಿತ್ತು. ಹೊಸ ಗುಹೆ ತೋಡಲು ವರ್ಷಗಳೇ ಬೇಕು. ಬಿಕ್ಕಟ್ಟು ಬಂದ ಮೇಲೆ ಗುದ್ದಲಿ ಹಿಡಿದರೆ ಪ್ರಯೋಜನವಿಲ್ಲ.

ಪ್ರಶ್ನೆ: ಎಥನಾಲ್ ಬೆರೆಸಿದರೆ ಈ ಹಂಗು ತಪ್ಪುವುದೇ? (ಸಿರುಗುಪ್ಪ)

ಉತ್ತರ: ಕೊಂಚ ತಗ್ಗುತ್ತದೆ. ಎಥನಾಲ್‌ನ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಹಾಗಾಗಿ ಶೇ 20 ಬೆರೆಸಿದರೆ ಪೆಟ್ರೋಲಿನ ಉಳಿತಾಯ ಶೇ 14ರ ಆಸುಪಾಸು. ನಮ್ಮ ಲಾರಿ, ಟ್ರ್ಯಾಕ್ಟರ್ ಕುಡಿಯುವ ಡೀಸೆಲ್‌ಗೆ ಇದು ತಾಗುವುದೇ ಇಲ್ಲ.

ಪ್ರಶ್ನೆ: ಭತ್ತದ ಕೊಯ್ಲಿನ ಹೊತ್ತಿಗೆ ಡೀಸೆಲ್ ಸಿಗದಿದ್ದರೆ ಎಂಬ ಭಯ. ಡ್ರಮ್ಮಿನಲ್ಲಿ ತುಂಬಿಡಬಹುದೇ? (ಕಾರಟಗಿ)

ಉತ್ತರ: 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಡೀಸೆಲ್ ‘ಬಿ’ ವರ್ಗದ್ದು. ಒಟ್ಟು 2,500 ಲೀಟರ್ ಮೀರದೆ, ಯಾವ ಪಾತ್ರೆಯೂ 1,000 ಲೀಟರ್ ದಾಟದೆ ಇದ್ದರೆ ಪರವಾನಗಿ ಬೇಡ. ಪೆಟ್ರೋಲಿಗೆ ಈ ಸಡಿಲಿಕೆ ಇಲ್ಲ. ಮಾರಾಟಕ್ಕಲ್ಲದಿದ್ದರೂ ಮಿತಿ 30 ಲೀಟರ್.

ಕೆಡಿಸುವುದು ನೀರು. ಡ್ರಮ್ಮನ್ನು ಬಯಲಲ್ಲಿ ನೆಟ್ಟಗೆ ನಿಲ್ಲಿಸಿದರೆ ಮಳೆನೀರು ಮೇಲ್ಮುಚ್ಚಳದ ಮೇಲೆ ನಿಲ್ಲುತ್ತದೆ. ಹಗಲು ಕಾದ ಡ್ರಮ್ಮು ರಾತ್ರಿ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಬಿರಡೆಯ ಸಂದಿನಿಂದ ಆ ನೀರನ್ನು ಎಳೆದುಕೊಳ್ಳುತ್ತದೆ. ನೀರಿದ್ದಲ್ಲಿ ಸೂಕ್ಷ್ಮಜೀವಿ ಬೆಳೆದು ಲೋಳೆಗಟ್ಟಿ ಫಿಲ್ಟರ್ ಮುಚ್ಚುತ್ತದೆ. ನೀರೇ ಒಳಹೋದರೆ ಪಂಪ್, ಇಂಜೆಕ್ಟರ್ ತುಕ್ಕು ಹಿಡಿಯುತ್ತವೆ. ನೆರಳಿನಲ್ಲಿ, ಮರದ ದಿಮ್ಮಿಯ ಮೇಲೆ ಮಲಗಿಸಿ. ಎರಡೂ ಬಿರಡೆಗಳು ಅಡ್ಡಕ್ಕೆ ಒಂದೇ ಮಟ್ಟದಲ್ಲಿರಲಿ, ಆಗ ಅವು ಒಳಗಿನಿಂದ ಡೀಸೆಲ್‌ನಲ್ಲಿ ಮುಳುಗಿರುತ್ತವೆ. 200 ಲೀಟರ್ ಡ್ರಮ್ಮಿಗೆ 190ಕ್ಕೆ ನಿಲ್ಲಿಸಿ: 20 ಡಿಗ್ರಿ ಬಿಸಿ ಏರಿದರೆ ಡೀಸೆಲ್ ಮೂರು ಲೀಟರ್‌ನಷ್ಟು ಹಿಗ್ಗುತ್ತದೆ. ಒಳಗೆ ಸತು ಲೇಪಿಸಿದ ಪಾತ್ರೆ ಬೇಡವೇ ಬೇಡ, ಡೀಸೆಲ್ ಸತುವಿನೊಡನೆ ಸೇರಿ ಕೆಡುತ್ತದೆ. ಬಳಸುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿ, ಕೆಸರು ತಳಕ್ಕಿಳಿದ ಮೇಲೆ ಕೈಪಂಪಿನ ಕೊಳವೆಯನ್ನು ತಳದಿಂದ ಮೂರು ಬೆರಳು ಮೇಲಿಟ್ಟು ಎತ್ತಿ. ಆರು ತಿಂಗಳೊಳಗೆ ಖರ್ಚು ಮಾಡಿ, ಹಳೆಯದನ್ನೇ ಮೊದಲು.