ಬ್ಲಾಕ್‌ಚೈನ್ ಬಂದರೆ ಬೆಳೆವಿಮೆ ಬೇಗ ಬರುತ್ತಾ?

ನಮಸ್ಕಾರ ಅಣ್ಣಾ. ಬ್ಯಾಡಗಿ ಕಡೆ ಮೆಣಸಿನಕಾಯಿ ಹಾಕಿದವರಿಗೆ ಬ್ಲಾಕ್‌ಚೈನ್ ವಿಮೆಯಿಂದ ದುಡ್ಡು ಬೇಗ ಸಿಗುತ್ತಾ ಅಂತ ಕೇಳಿದ್ದೀರಿ. ಬ್ಲಾಕ್‌ಚೈನ್ ಅಂದ್ರೆ ಹಲವು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಇಡುವ, ಬರೆದ ಮೇಲೆ ಅಳಿಸಲಾಗದ ಲೆಕ್ಕದ ಪುಸ್ತಕ. ಅದರಿಂದ ದುಡ್ಡು ಬೇಗ ಸಿಗಬಹುದು. ಸರಿಯಾಗಿ ಸಿಗುತ್ತಾ ಅನ್ನೋದು ಬೇರೆ ಮಾತು.

ಕೀನ್ಯಾದಲ್ಲಿ ಏಕರ್ ಆಫ್ರಿಕಾ ಮತ್ತು ಎಥರಿಸ್ಕ್ ಅನ್ನೋ ಸಂಸ್ಥೆಗಳು ಸೇರಿ ಸಣ್ಣ ರೈತರಿಗೆ ಇಂಥ ವಿಮೆ ಮಾಡಿವೆ. ಮಳೆ ಇಷ್ಟು ಕಮ್ಮಿಯಾದರೆ ಇಷ್ಟು ದುಡ್ಡು ಅಂತ ಕರಾರು ಮೊದಲೇ ಬ್ಲಾಕ್‌ಚೈನ್‌ನಲ್ಲಿ ಬರೆದಿರುತ್ತೆ, ಹವಾಮಾನದ ಲೆಕ್ಕ ತಾಳೆಯಾದರೆ ಯಾರೂ ಹೊಲಕ್ಕೆ ಬಂದು ನೋಡಬೇಕಿಲ್ಲ, ಎಂ-ಪೆಸಾ ಮೂಲಕ ಮೊಬೈಲಿಗೇ ಹಣ. ಹವಾಮಾನ ಕೆಡಿಸೋ ಹೊಗೆ ಬಿಟ್ಟವರು ಬೇರೆ, ಬೆಳೆ ಕಳೆದುಕೊಳ್ಳೋರು ನಾವು. ಕಚೇರಿ ಬಾಗಿಲು ಕಾಯೋದಾದರೂ ತಪ್ಪಿದರೆ ಸಣ್ಣ ಮಾತಲ್ಲ.

ತೊಡಕಿರೋದು ಮಳೆ ಅಳೆಯುವಲ್ಲಿ. ಒಂದು ವರ್ಷ ನಮ್ಮ ಎರೆ ಹೊಲದಲ್ಲಿ ನೀರು ನಿಂತು ಗಿಡ ಬೇರುಸಮೇತ ಕೊಳೆತವು, ಕಾಯಿ ಹಿಡಿದರೆ ಮೆತ್ತಗೆ ಒಡೆದು ಬೀಜ ಅಂಗೈಗೆ ಅಂಟುತ್ತಿತ್ತು, ಆದರೆ ನಾಲ್ಕು ಕಿಲೋಮೀಟರ್ ಆಚೆಯ ಮಳೆಮಾಪಕದಲ್ಲಿ ಮಾಮೂಲಿ ಮಳೆ ಅಂತ ಬಂತು. ಆ ಲೆಕ್ಕವೇ ಬ್ಲಾಕ್‌ಚೈನ್‌ಗೆ ಹೋದರೆ ಅಳಿಸಲಾಗದ ತಪ್ಪಾಗಿ ಕೂರುತ್ತೆ, ಅಲ್ವಾ? ಇನ್ನು ಲಾವಣಿಗೆ, ಅಂದ್ರೆ ಗೇಣಿಗೆ, ಹೊಲ ಮಾಡೋರ ಹೆಸರು ಉತಾರದಲ್ಲೇ (ಪಹಣಿಯಲ್ಲೇ) ಇರಲ್ಲ. ಅವರಿಗೆ ದುಡ್ಡು ಮುಟ್ಟೋದು ಹೇಗೆ? ನನಗೆ ಜಾಸ್ತಿ ಚಿಂತೆ ಇದರದ್ದೇ.

ಬ್ಲಾಕ್‌ಚೈನ್ ಕರೆಂಟ್ ಜಾಸ್ತಿ ತಿನ್ನುತ್ತೆ ಅಂತಾರಲ್ಲ, ಅದು ಬಿಟ್‌ಕಾಯಿನ್ ಅನ್ನೋ ಡಿಜಿಟಲ್ ಹಣದ ಬ್ಲಾಕ್‌ಚೈನ್‌ಗೆ ನಿಜ. ಇಥೀರಿಯಂ ಅನ್ನೋ ಇನ್ನೊಂದು ಬ್ಲಾಕ್‌ಚೈನ್ 2022ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಖಾತ್ರಿ ಮಾಡೋ ಪದ್ಧತಿ ಬದಲಿಸಿ ಕರೆಂಟ್ ಖರ್ಚನ್ನು ಶೇ 99ಕ್ಕೂ ಮೀರಿ ಇಳಿಸಿಕೊಂಡಿದೆ.

ಯಾರಾದರೂ ಇಂಥ ವಿಮೆ ಹಿಡಿದು ಬಂದರೆ ಮೂರು ಕೇಳಿ: ಮಳೆಮಾಪಕ ಎಲ್ಲಿದೆ, ಅತಿ ಮಳೆಗೂ ಕೊಡ್ತೀರಾ, ಲೆಕ್ಕ ತಪ್ಪಿದರೆ ತಕರಾರು ಯಾರ ಹತ್ತಿರ? ಬರೆದು ಕೊಡದಿದ್ದರೆ ಸುಮ್ನೆ ಸಹಿ ಹಾಕಬೇಡಿ.